ಕಸೂತಿಯ ಹಿಂಬದಿ

ಗೋಪನಕೊಪ್ಪದ ವಾರಿಜಾಬಾಯಿಗೆ ನಲವತ್ತೇಳು. ವಿಚ್ಛೇದನವಾಗಿ ಹತ್ತು ವರ್ಷ. ಅವರು ಕಸೂತಿ ಹಾಕುತ್ತಿರುವ ಇಳಕಲ್ ಸೀರೆಯ ಸೆರಗಿನಲ್ಲಿ ಕಸೂತಿಯ ವಾಡಿಕೆಯ ಗೋಪುರದ ಬದಲು ಮಗಳು ಗಾರ್ಗಿಯ ಮೊದಲ ಸೈಕಲ್ಲಿದೆ. ಅಂಚಿನಲ್ಲಿ, ಭಾನುವಾರಗಳಂದು ಚಹಾಕ್ಕೆ ಭೇಟಿಯಾದ ಗಂಡಸರಿದ್ದಾರೆ. ತನ್ನನ್ನೇ ಹೊಗಳಿಕೊಂಡವನು ನವಿಲು, ಮಾತು ನಿಲ್ಲಿಸದವನು ಗಿಳಿ. "ಅಮ್ಮಾ, ಇವತ್ತ ನವಿಲೋ, ಗಿಳಿಯೋ?" ಎನ್ನುತ್ತ ಸ್ಕೂಟರಿನಲ್ಲಿ ಬಿಟ್ಟು ಹೋಗುವವಳು ಗಾರ್ಗಿಯೇ. "ಕಸೂತಿ ಆಗ್ಲಿ, ಗಂಡಸಾಗ್ಲಿ, ತಿರುವಿ ನೋಡಬೇಕು. ಮುಂದಿದ್ದಂಗ ಹಿಂದಿರಬೇಕು" ಎನ್ನುವ ವಾರಿಜಾಬಾಯಿ ಪ್ರತಿ ಸಲ ಎದ್ದು ಹೊರಟು, ಮೇಜಿನ ಮೇಲೆ ಕಸೂತಿಯ ಕರವಸ್ತ್ರ ಮರೆತವರಂತೆ ಮರಳಿ, ತಾವಿಲ್ಲದಾಗ ಆತ ಹೋಟೆಲಿನವರೊಡನೆ ಹೇಗೆ ಮಾತಾಡುತ್ತಾನೆಂದು ನೋಡುತ್ತಾರೆ. ಕಳೆದ ಭಾನುವಾರ ಮರಳಿದಾಗ, ಅಂದು ಚಹಾಕ್ಕೆ ಬಂದಿದ್ದ ಮಾಸ್ತರರೊಬ್ಬರು ಆ ಕಸೂತಿ ಕರವಸ್ತ್ರವನ್ನು ತಿರುವಿ, ಅದರ ಹಿಂಬದಿಯನ್ನೇ ನೋಡುತ್ತಿದ್ದರು. ಅವರಿಗೆ ಯಾವ ಪಕ್ಷಿಯೂ ಒಪ್ಪದೆ ಅಂಚಿನಲ್ಲಿ ಅವರ ಜಾಗ ಇನ್ನೂ ಖಾಲಿಯಿದೆ. ಗಾರ್ಗಿ ಕೆಣಕಿದರೆ, "ತಡಿಯವಾ, ಇನ್ನೊಮ್ಮೆ ನೋಡಿ ಬರ್ತೇನಿ" ಎನ್ನುತ್ತಾರೆ.