ಮೊಟಕಪ್ಪ
ನಮ್ಮ ಪತ್ರಿಕೆಯಲ್ಲಿ ಕರಡು ತಿದ್ದುವ ಹಿರಿಯರಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಕಚೇರಿಗೆಲ್ಲ ಅವರು ಮೊಟಕಪ್ಪ. ಯಾರಾದರೂ ‘ಪಂದ್ಯ ರದ್ದು’ ಎಂದು ಬರೆದರೆ ಸಾಕು, ಕೆಂಪು ಪೆನ್ನು ಹಿಡಿದು ಮೇಜಿನ ಬಳಿಯೇ ಬಂದು ನಿಲ್ಲುತ್ತಾರೆ. “ಅರ್ಧ ಆಟ ಆಡಿದ್ರಲ್ಲಪ್ಪ, ರದ್ದು ಹೇಗಾಗತ್ತೆ? ಶುರುವೇ ಆಗದೆ ಹೋದದ್ದು ರದ್ದು. ಇನ್ನೊಂದು ದಿನ ಆಗೋದು ಮುಂದೂಡಿದ್ದು. ಶುರುವಾಗಿ, ನಡುವೆ ನಿಂತು, ಮತ್ತೆ ಮುಂದುವರಿಯದೇ ಇರೋದಿದೆ ನೋಡು, ಅದು ಮೊಟಕು.” ಬಂದ ಸೀನು ಮೂಗಿನ ತುದಿಯಲ್ಲೇ ನಿಂತುಹೋದರೂ ಅದು ಮೂರರಲ್ಲಿ ಯಾವುದೆಂದು ಒಂದು ಗಳಿಗೆ ಯೋಚಿಸುವವರು ಅವರು. ಚಳಿ ಶುರುವಾದ ಮೇಲೆ ಮಾತ್ರ ಯಾರೂ ಅವರನ್ನು ಅಣಕಿಸುವುದಿಲ್ಲ. ಆಗ ಅವರು ತೊಡುವ ಬೂದು ಸ್ವೆಟರಿನ ಎಡತೋಳು ಮೊಣಕೈಗೇ ನಿಂತುಬಿಟ್ಟಿದೆ. ಅದನ್ನು ಹೆಣೆಯುತ್ತಿದ್ದ ಅವರ ಹೆಂಡತಿ ಕೊನೆಯ ಸಲ ಆಸ್ಪತ್ರೆಗೆ ಹೊರಡುವ ಮುನ್ನ, ಹೆಣಿಗೆ ಬಿಚ್ಚಿಕೊಳ್ಳದಿರಲೆಂದು ಪೋಣಿಸಿಟ್ಟ ದಾರ ಇನ್ನೂ ಆ ಅಂಚಿನಲ್ಲಿದೆ. ಆಕೆ ತೀರಿಕೊಂಡು ಆರು ಚಳಿಗಾಲ ಕಳೆದವು. ಈ ಸಲ ನಾನು ತಡೆಯಲಾರದೆ ಹೇಳಿಯೇಬಿಟ್ಟೆ: “ನಮ್ಮನೆಯವಳು ಚೆನ್ನಾಗಿ ಹೆಣೀತಾಳೆ, ಕೊಡಿ, ಮುಗಿಸಿಕೊಡ್ತಾಳೆ. ಪಾಪ, ಆ ತೋಳು ಮೊಟಕಾಗಿ ನಿಂತಿದೆ.” ಅವರು ಕರಡಿನಿಂದ ತಲೆಯೆತ್ತಲಿಲ್ಲ. ಪೆನ್ನು ಕೆಳಗಿಟ್ಟು, ದಾರದ ಅಂಚನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಮೆತ್ತಗೆ ನನ್ನನ್ನು ತಿದ್ದಿದರು: “ಮೊಟಕಲ್ಲಪ್ಪ. ಮುಂದೂಡಿದ್ದು.”