ಖಾಲಿ ಡಬ್ಬಿಯ ಸಾಕ್ಷಿ

ಬೆಳಿಗ್ಗೆ ಹುಳಿಬಂದ ಬೆಲ್ಲದ ಗಡಿಗೆಯ ಮುಚ್ಚಳ ತೆಗೆದೆ. ಕೊಳೆತ ಬಾಳೆಹಣ್ಣು ಕಲಸಿ ನಾಲ್ಕು ದಿನ ಇಟ್ಟ ಆ ಘಾಟು ಮೂಗಿಗೆ ಬಡಿದದ್ದೇ, ಗುಡ್ಡದಾಚೆಯ ಕಾಕಾ ಎದುರಿಗೆ ಬಂದು ಕೂತಂತಾಯಿತು...

ಸೇಡಂ ರಸ್ತೆಗೆ ಹತ್ತಿಕೊಂಡು ಅವರ ಮೋಸಂಬಿ ತೋಟವಿತ್ತು. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಗುಡ್ಡದ ಈಚೆಗಿರುವ ನನ್ನ ಮೋಸಂಬಿ ತೋಟದ ಕೆಲಸ ಕಲಿಸಿದವರು ಅವರೇ. ಕತ್ತಲಾದರೆ ಪತಂಗ ಬಂದು ಹಣ್ಣಿಗೆ ಸೂಜಿಯಂತೆ ಚುಚ್ಚಿ ರಸ ಹೀರುತ್ತದೆ, ಹಣ್ಣು ಉದುರುತ್ತದೆ. ಕಾಕಾ ತೂತು ಕೊರೆದ ಡಬ್ಬಿಗಳಲ್ಲಿ ಈ ಬೆಲ್ಲದ ನೀರು ತುಂಬಿ ಗಿಡಕ್ಕೆ ಕಟ್ಟುತ್ತಿದ್ದರು. ವಾಸನೆ ಹಿಡಿದು ಬಂದ ಪತಂಗ ಒಳಗೆ ಬಿದ್ದು ಸಾಯುತ್ತಿತ್ತು.

ಅವರ ತೋಟದ ಬದಿಗೆ ಸಿಮೆಂಟ್ ಕಾರ್ಖಾನೆಯ ಹೊಸ ಚಿಮಣಿ ಎದ್ದ ಮೇಲೆ ಡಬ್ಬಿಗಳಿಗೆ ಪತಂಗ ಬೀಳುವುದು ನಿಂತಿತು. ಹಣ್ಣು ಮಾತ್ರ ಉದುರುತ್ತಲೇ ಇದ್ದವು.

"ಹುಳ ಕಡಿಮಿ ಆಗಿಲ್ಲೋ ತಮ್ಮಾ. ಅದಕ್ಕ ವಾಸನಿ ಸಿಗಲಿಕತ್ತಿಲ್ಲ. ನಡುವ ಹೊಗಿ ನಿಂತದ."

"ನಿಮ್ಮ ಮೂಗಿಗೇ ವಯಸ್ಸಾಗ್ಯದ ಕಾಕಾ," ಎಂದು ನಕ್ಕೆ.

ಅವರು ವಾದಕ್ಕಿಳಿಯಲಿಲ್ಲ. ಒಂದೇ ಗಡಿಗೆಯ ನೀರನ್ನು ಎರಡು ಡಬ್ಬಿಗೆ ಹಾಕಿ, ಒಂದನ್ನು ಗುಡ್ಡದ ಮರೆಗಿದ್ದ, ಧೂಳು ಬಾರದ ನನ್ನ ಗಿಡಕ್ಕೆ ಕಟ್ಟಿದರು. ಮರುದಿನ ಅದರ ತುಂಬ ಪತಂಗ. ಅವರದರಲ್ಲಿ ಎರಡು ನೊಣ.

ಕಾಕಾ ಹೊಗೆಯ ಬಗ್ಗೆ ಅರ್ಜಿ ಕೊಟ್ಟ ಮೇಲೆ ತೋಟಗಾರಿಕೆ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಕಾಕಾನ ಖಾಲಿ ಡಬ್ಬಿಯೊಳಗೆ ಇಣುಕಿ, "ಹುಳಾನೇ ಇಲ್ಲ, ಮತ್ತ ತಕರಾರು ಯಾಕ? ನೀವು ಗಿಡಕ್ಕ ನೀರು ಸರಿ ಬಿಟ್ಟಿಲ್ಲ," ಎಂದು ಹಾಗೇ ಬರೆದುಕೊಂಡರು. ನನ್ನ ತುಂಬಿದ ಡಬ್ಬಿ ನೋಡಲು ಗುಡ್ಡ ಹತ್ತುವಷ್ಟು ಪುರಸೊತ್ತು ಅವರಿಗಿರಲಿಲ್ಲ. ಮೈಮುರಿದು ದುಡಿದವನಿಗೆ ಮೈಗಳ್ಳನೆಂಬ ಷರಾ. ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ.

ಕಾಕಾ ಎಲೆಯ ಮೇಲಿನ ಬೂದು ಧೂಳನ್ನು ಮೂರು ಬೆರಳಿನಿಂದ ಬಳಿದು ಸಾಹೇಬರ ಹಣೆಯತ್ತ ಚಾಚಿದರು.

"ಹಚ್ಚಿಕೊಳ್ರಿ ಸಾಹೇಬ್ರ. ಇದು ಯಾವ ಮಠದ ವಿಭೂತಿ ಅಂತ ಅದನ್ನೂ ಬರಕೊಳ್ರಿ."

ಸಾಹೇಬರು ಹಿಂದೆ ಸರಿದು ಜೀಪು ಹತ್ತಿದರು. ಮುಂದಿನ ವರ್ಷ ಕಾಕಾ ಮೋಸಂಬಿ ಗಿಡಗಳನ್ನು ಕಡಿಸಿದರು. ಆಮೇಲೆ ಭಾಳ ದಿನ ಬದುಕಲಿಲ್ಲ...

ಈಗ ಆ ಗುಡ್ಡವನ್ನೂ ಕಾರ್ಖಾನೆಯವರು ಸುಣ್ಣಕಲ್ಲಿಗಾಗಿ ಅಗೆದು ಒಯ್ದಿದ್ದಾರೆ. ಇವತ್ತು ನನ್ನ ಡಬ್ಬಿಗಳನ್ನು ಇಳಿಸಿ ನೋಡಿದೆ, ಒಂದೂ ಪತಂಗವಿಲ್ಲ. ಎಲೆಯ ಮೇಲೆ ಅದೇ ಬೂದು ಧೂಳು, ಗಿಡದ ಬುಡದಲ್ಲಿ ತೂತುಬಿದ್ದ ಹಣ್ಣುಗಳು. ನಡುವೆ ಗುಡ್ಡವಿಲ್ಲದ್ದಕ್ಕೆ ಕಾಕಾನ ತೋಟವಿದ್ದ ಜಾಗ ಇಲ್ಲಿಂದಲೇ ಕಾಣುತ್ತದೆ. "ನನ್ನದೂ ಖಾಲಿ ಕಾಕಾ" ಎಂದು ಕೂಗಿದರೆ ಕೇಳಲು ಅಲ್ಲಿ ಯಾರೂ ಇಲ್ಲ.

ಸಾಹೇಬರು ಮತ್ತೆ ಬರಲಿ, ಹುಳ ಇಲ್ಲ ಎಂದು ಬರೆಯಲಿ. ಮೂರು ಬೆರಳು ನನಗೂ ಇವೆ.