ಪೋಸ್ಟ್ ಸಿಕ್ಕಿತು

ಇಂಗ್ಲಿಷ್ ಬರುತ್ತದೆಂಬ ಹೆಮ್ಮೆಯಿಂದ ನನ್ನ ಮದುವೆ ತಪ್ಪಿಹೋಗುವುದರಲ್ಲಿತ್ತು. ತಪ್ಪು ಆ ಭಾಷೆಯದೇ ಎಂದು ಬಹಳ ದಿನ ವಾದಿಸಿದೆ. ಈಗ ಹಾಗೆ ಹೇಳುವ ಧೈರ್ಯವಿಲ್ಲ, ಮನೆಯಲ್ಲಿ ಕೇಳುವವರಿದ್ದಾರೆ.

ಬೈಲಹೊಂಗಲದ ನನ್ನ ಮಾವನವರು ಹತ್ತಿಯ ವ್ಯಾಪಾರಿ. ಹುಡುಗನಿಗೆ ಸರ್ಕಾರಿ ನೌಕರಿಯಾದರೆ ಮಾತ್ರ ಹೆಣ್ಣು ಕೊಡುವುದೆಂದು ಹೇಳಿದ್ದರು. ಮುರಗೋಡದ ಶಾಲೆಯಲ್ಲಿ ಮಾಸ್ತರಿಕೆಯ ಹುಕುಮು ಬಂದ ದಿನವೇ ಅವರಿಗೆ ಕಾರ್ಡು ಬರೆದೆ. ರಾಣಿಯ ಮುಖ ಹೋಗಿ ರಾಜನ ಮುಖ ಬಂದಿದ್ದ ಹೊಸ ಕಾರ್ಡು. ಹಿರಿಯರ ಕೈಯಲ್ಲಿ ಬರೆಸಬೇಕಿತ್ತು, ಆದರೆ ನನಗೆ ಅವಸರ. 'ನೌಕರಿ' ಎಂದು ಯಾರಾದರೂ ಬರೆದಾರು. ಕಲಿತವನಾದ ನಾನು "ಪೋಸ್ಟ್ ಸಿಕ್ಕಿತು" ಎಂದಷ್ಟೇ ಬರೆದೆ. ಅದೇ ವಾರ ಅವರೂ ನನಗೊಂದು ಕಾಗದ ಹಾಕಿದ್ದರು. ಪೋಸ್ಟ್ ಎಂದರೆ ಟಪಾಲು, ಆ ಕಾಗದ ಮುಟ್ಟಿದ ಸುದ್ದಿ ಇದೆಂದು ತಿಳಿದು, ಕಾರ್ಡನ್ನು ಗೋಡೆಯ ತಂತಿಗೆ ಚುಚ್ಚಿ ಸುಮ್ಮನಾದರು.

ಅವರನ್ನು ದೂರುವಂತಿಲ್ಲ. ಆಮೇಲೆ ಕೋಶ ತೆಗೆದು ನೋಡಿದೆ. ಲ್ಯಾಟಿನ್ನಿನಲ್ಲಿ 'ಇಟ್ಟದ್ದು' ಎಂಬ ಅರ್ಥದ ಮಾತೊಂದಿತ್ತಂತೆ. ದಾರಿಯುದ್ದಕ್ಕೂ ಗೊತ್ತಾದ ಜಾಗಗಳಲ್ಲಿ ಕುದುರೆ ಸವಾರರನ್ನು ಇಟ್ಟರು. ಆ ಜಾಗದ ಹೆಸರೇ ಅವರು ಒಯ್ಯುವ ಕಾಗದಕ್ಕೂ ಅಂಟಿತು. ಒಬ್ಬನನ್ನು ಒಂದು ಜಾಗದಲ್ಲಿ ಇಟ್ಟರೆ ಅದು ನೌಕರಿ. ಕಂಬಕ್ಕೂ ಪೋಸ್ಟ್ ಎನ್ನುತ್ತಾರೆ, ಆದರೆ ಅದರ ಮೂಲ ಬೇರೆ. ನನ್ನ ತರಗತಿಯಲ್ಲಿ ಐವರು ಬಸಪ್ಪಂದಿರಿದ್ದಾರೆ, ಒಬ್ಬರಿಗೊಬ್ಬರು ಸಂಬಂಧವಿಲ್ಲ; ಹಾಗೆ.

ಹದಿನೈದು ದಿನ ಉತ್ತರವಿಲ್ಲ. ರಾಮದುರ್ಗದವರು ಹೆಣ್ಣು ನೋಡಲು ಬರುತ್ತಾರೆಂಬ ಸುದ್ದಿ ಮಾತ್ರ ಬಂತು. ಚಕ್ಕಡಿ ಹತ್ತಿ ಬೈಲಹೊಂಗಲಕ್ಕೆ ಹೋದೆ.

"ನಮ್ಮ ಕಾಗದ ಮುಟ್ಟಿದ್ದು ತಿಳೀತ್ರಿ. ನೌಕರೀದು ಏನಾತು?" ಎಂದರು ಮಾವನವರು.

"ಅದನ್ನ ಬರದಿದ್ನೆಲ್ರಿ!"

ಕಾರ್ಡು ತಂತಿಯಿಂದ ಇಳಿಯಿತು. ಹಿಂದೆ ಮುಂದೆ ತಿರುಗಿಸಿ ನೋಡಿದರು. ನಂಬಿದಂತೆ ಕಾಣಲಿಲ್ಲ. ಆಗ ಪಡಸಾಲೆಯ ಕಂಬದ ಮರೆಯಿಂದ ಅವರ ಮಗಳು, ಕನ್ನಡ ಮೂರನೆಯ ಇಯತ್ತೆ ಕಲಿತವಳು, ಹೇಳಿದಳು:

"ಅಪ್ಪಾ, ಕಾಗದ ಆಗಿದ್ರ ಮುಟ್ಟಿತು ಅಂತಿದ್ರು. ನಾ ಅವತ್ತ ಹೇಳಿದ್ದೆ, ನೀ ಕೇಳಲಿಲ್ಲ. ಇವರಿಗರ ನೌಕರಿ ಹತ್ತೇತಿ ಅಂತ ಬರಿಯಾಕ ಏನಾಗಿತ್ತು?"

ರಾಮದುರ್ಗದವರಿಗೆ ಬರಬೇಡಿರೆಂದು ಹೇಳಿ ಕಳಿಸಿದರು. ನನಗೆ ಜೀವ ಬಂದಂತಾಯಿತು. ಆದರೆ ಅವಳ ಮಾತು ಇನ್ನೂ ಕಿವಿಯಲ್ಲಿದೆ. ಪೋಸ್ಟಿಗೆ ಮೂರು ಅರ್ಥ ಹುಡುಕಿ ಬೀಗಿದವನು ನಾನು. ನಮ್ಮಲ್ಲಿ ದೀಪ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ, ನೌಕರಿಯೂ ಹತ್ತುತ್ತದೆ. ಹತ್ತಿಯ ವ್ಯಾಪಾರಿಯ ಮನೆಗೆ ಚಕ್ಕಡಿ ಹತ್ತಿ ಹೋದಾಗಲೂ ಇದು ನನಗೆ ಹೊಳೆದಿರಲಿಲ್ಲ.

ಈಗ ಸವದತ್ತಿಗೆ ವರ್ಗವಾಗಿದೆ. "ಪೋಸ್ಟ್ ಬದಲಾಯಿತು" ಎಂದು ಮಾವನವರಿಗೆ ಬರೆದ ಕಾರ್ಡನ್ನು ಹೆಂಡತಿಗೆ ತೋರಿಸಿದೆ.

"ಮನೀ ಕಂಬ ಬದಲಿ ಮಾಡ್ಸೇರಿ ಅಂತ ತಿಳಕೊಂತಾನ ಅಪ್ಪ," ಎಂದವಳೇ ಬೇರೆ ಕಾರ್ಡು ತೆಗೆದುಕೊಂಡು ತಾನೇ ಬರೆಯಹತ್ತಿದಳು.